ನಿಶ್ಶಬ್ದ ರಸ್ತೆಗೂ ಒಂದು ಇತಿಹಾಸವಿದೆ: ಅಣಶಿಯ ದಾರಿ, ಫ್ರಾನ್ಸಿನ ಹಳ್ಳಿ ಮತ್ತು ಸೈಕಲ್ಲು



ಈಚಿನ ಕೆಲವು ವರ್ಷಗಳಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಸೈಕಲ್ಲಿನ ಹವ್ಯಾಸ ಹತ್ತಿದೆ. ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿರುವವರು ರಜೆಗೆ ಬಂದಾಗ ದಾಂಡೇಲಿಯಿಂದ ಹೊರಟು, ಜೋಯಿಡಾ, ಕುಂಬಾರವಾಡಾ ದಾಟಿ, ಅಣಶಿ ಘಟ್ಟವನ್ನಿಳಿದು ಕಾರವಾರದ ಕಡಲು ಮುಟ್ಟುತ್ತಾರೆ. ಹೊರದೇಶದಲ್ಲಿ ನೆಲೆಸಿರುವ ಒಂದಿಬ್ಬರು ಫ್ರಾನ್ಸಿನ ಹಳ್ಳಿಗಾಡಿನಲ್ಲಿ ವಾರಗಟ್ಟಲೆ ಸೈಕಲ್ ತುಳಿದು ಚಿತ್ರಗಳನ್ನು ಕಳಿಸುತ್ತಾರೆ. ಎರಡೂ ಕಡೆಯಿಂದ ಬರುವ ಪತ್ರಗಳಲ್ಲಿ ಒಂದೇ ಉದ್ಗಾರವಿರುತ್ತದೆ: "ಸರ್, ಎಷ್ಟು ಶಾಂತವಾದ ರಸ್ತೆ! ಗಂಟೆಗಟ್ಟಲೆ ಒಂದು ವಾಹನವೂ ಎದುರಾಗಲಿಲ್ಲ."

ಓದಿ ಸಂತೋಷಪಡುತ್ತೇನೆ. ಆದರೆ ಜೀವನವಿಡೀ ಸಮಾಜ ವಿಜ್ಞಾನ ಬೋಧಿಸಿದವನ ಮನಸ್ಸು ಅಷ್ಟಕ್ಕೆ ನಿಲ್ಲುವುದಿಲ್ಲ. ರಸ್ತೆಯೆಂದರೆ ಮನುಷ್ಯರು ಓಡಾಡಲೆಂದು ಮನುಷ್ಯರೇ ಮಾಡಿದ ವಸ್ತು. ಅಂಥ ರಸ್ತೆಯಲ್ಲಿ ಮನುಷ್ಯರು ಕಾಣುವುದಿಲ್ಲವೆಂದರೆ ಅದಕ್ಕೊಂದು ಕಾರಣವಿರಬೇಕಲ್ಲವೇ? ಈ ಶಾಂತಿ ಎಲ್ಲಿಂದ ಬಂತು, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಮೊದಲು ಸೈಕಲ್ಲಿನ ಕಥೆಯನ್ನೂ ಫ್ರಾನ್ಸಿನ ಕಥೆಯನ್ನೂ ಹೇಳಿ, ಆಮೇಲೆ ನಮ್ಮ ಅಣಶಿಗೆ ಬರುತ್ತೇನೆ. ತುಸು ದೀರ್ಘವಾದರೆ ಸಹಿಸಿಕೊಳ್ಳಿ. ತರಗತಿಯಲ್ಲಿಯೂ ಗಂಟೆ ಬಾರಿಸಿದ ಮೇಲೆ ಐದು ನಿಮಿಷ ಹೆಚ್ಚಿಗೆ ತೆಗೆದುಕೊಳ್ಳುತ್ತಿದ್ದವನು ನಾನೆಂಬುದು ನಿಮಗೆ ಗೊತ್ತೇ ಇದೆ.

ಎರಡು ಗಾಲಿಯ ಹುಟ್ಟು

1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತ ಒಂದರ ಹಿಂದೊಂದು ಗಾಲಿ ಜೋಡಿಸಿದ ಮರದ ವಾಹನವೊಂದನ್ನು ಓಡಿಸಿ ತೋರಿಸಿದನು. ಅದಕ್ಕೆ ಪೆಡಲುಗಳಿರಲಿಲ್ಲ, ಕುಳಿತು ಕಾಲಿನಿಂದ ನೆಲ ಒದೆಯುತ್ತ ಸಾಗಬೇಕಾಗಿತ್ತು. ಮುಂದಿನ ಗಾಲಿಗೆ ಪೆಡಲು ಕೂಡಿಸಿದ ವಾಹನ 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಜನಪ್ರಿಯವಾಯಿತು. ಅಲ್ಲಿನ ಮಿಶೋ ಮನೆತನದ ಕಾರ್ಖಾನೆ ಇದಕ್ಕೆ ಹೆಸರಾಗಿತ್ತು. 1869ರ ನವೆಂಬರ್ 7ರಂದು ಪ್ಯಾರಿಸ್ಸಿನಿಂದ ರುವಾಂ ನಗರದವರೆಗೆ ಸುಮಾರು 123 ಕಿಲೋಮೀಟರ್ ದೂರದ ಸ್ಪರ್ಧೆ ನಡೆಯಿತು. ಊರಿಂದೂರಿಗೆ ಸೈಕಲ್ಲಿನಲ್ಲಿ ಹೋಗಬಹುದೆಂಬುದನ್ನು ಜನರು ಕಣ್ಣಾರೆ ಕಂಡದ್ದು ಆಗ.

ಇಂದು ನಾವು ಕಾಣುವ ಸೈಕಲ್ಲಿನ ರೂಪ ಬಂದದ್ದು 1885ರಲ್ಲಿ, ಇಂಗ್ಲೆಂಡಿನ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ 'ರೋವರ್' ಸೈಕಲ್ಲಿನಿಂದ. ಎರಡೂ ಗಾಲಿಗಳು ಹೆಚ್ಚುಕಡಿಮೆ ಸಮ, ಹಿಂಗಾಲಿಗೆ ಸರಪಳಿ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದನು. ಆದರೆ ಅದು ಗಾಲಿಗೆ ಅಂಟಿಕೊಂಡಿದ್ದುದರಿಂದ ಪಂಕ್ಚರಾದರೆ ಪೇಚಾಟ. 1891ರಲ್ಲಿ ಫ್ರಾನ್ಸಿನ ಮಿಷಲಿನ್ ಸೋದರರು ಬಿಚ್ಚಿ ತೆಗೆಯಬಹುದಾದ ಟೈರು ತಯಾರಿಸಿದರು. ಅದೇ ವರ್ಷ ನಡೆದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಎಂಬ ಸುಮಾರು 1200 ಕಿಲೋಮೀಟರ್‌ಗಳ ಓಟದಲ್ಲಿ ಷಾರ್ಲ್ ತೆರೋಂ ಆ ಟೈರುಗಳ ಮೇಲೆಯೇ ಗೆದ್ದನು. ದಾರಿಯಲ್ಲಿ ಪಂಕ್ಚರಾದರೆ ತಾನೇ ಕುಳಿತು ತಿದ್ದಿಕೊಳ್ಳಬಹುದೆಂಬ ಈ ಅನುಕೂಲ ಸಣ್ಣದಾಗಿ ಕಾಣಬಹುದು. ಆದರೆ ದೂರದ ಹಳ್ಳಿಗಾಡಿಗೆ ಒಬ್ಬಂಟಿಯಾಗಿ ಹೊರಡುವ ಧೈರ್ಯ ಜನರಿಗೆ ಬಂದದ್ದು ಇದರಿಂದ.

ಹೊಸದೊಂದು ವಾಹನ ಬಂದಾಗ ಸರಕಾರ ಸುಮ್ಮನಿರುವುದಿಲ್ಲ. 1893ರಲ್ಲಿ ಫ್ರಾನ್ಸಿನಲ್ಲಿ ಸೈಕಲ್ಲುಗಳ ಮೇಲೆ ವಾರ್ಷಿಕ ತೆರಿಗೆ ಜಾರಿಗೆ ಬಂತು. 1950ರ ದಶಕದ ಕೊನೆಯವರೆಗೂ ಅದು ನಡೆಯಿತು. ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಸೈಕಲ್ಲಿಗೆ ಲೋಹದ ಬಿಲ್ಲೆ ತೂಗುಹಾಕುತ್ತಿದ್ದರು. ನಮ್ಮೂರುಗಳಲ್ಲಿ ಪುರಸಭೆಯವರು ಕೊಡುತ್ತಿದ್ದ ಬಿಲ್ಲೆ ಹಿರಿಯರಿಗೆ ನೆನಪಿರಬಹುದು. ಬಿಲ್ಲೆಯಿಲ್ಲದೆ, ರಾತ್ರಿ ದೀಪವಿಲ್ಲದೆ, ಇಬ್ಬರು ಕುಳಿತು ಹೋಗುವಾಗ ಪೊಲೀಸರನ್ನು ಕಂಡೊಡನೆ ಹಿಂದೆ ಕುಳಿತವನು ಹಾರಿ ಓಡುತ್ತಿದ್ದುದೂ ನೆನಪಿರಬಹುದು!

ಓಟ ಬೇರೆ, ಪಯಣ ಬೇರೆ

ಫ್ರಾನ್ಸಿನ ಸೈಕಲ್ ಎಂದೊಡನೆ ಎಲ್ಲರೂ 1903ರಲ್ಲಿ ಆರಂಭವಾದ 'ತೂರ್ ದ ಫ್ರಾನ್ಸ್' ಸ್ಪರ್ಧೆಯನ್ನು ಹೆಸರಿಸುತ್ತಾರೆ. ಅದನ್ನು ಹೂಡಿದ್ದು 'ಲೋತೊ' ಎಂಬ ಕ್ರೀಡಾಪತ್ರಿಕೆ, ತನ್ನ ಮಾರಾಟವನ್ನು ಹೆಚ್ಚಿಸಿಕೊಳ್ಳಲು. ಆದರೆ ಸೈಕಲ್ಲಿನಲ್ಲಿ ಹಳ್ಳಿಗಾಡು ಸುತ್ತುವ ಪರಂಪರೆ ಇದಕ್ಕಿಂತ ಹಳೆಯದು, ಇದಕ್ಕಿಂತ ಭಿನ್ನವಾದುದು.

ಆ ಪರಂಪರೆಯ ಪಿತಾಮಹನೆಂದು ಹೇಳಬಹುದಾದವನು ಸೇಂತ್ ಎತಿಯನ್ ನಗರದ ಪೋಲ್ ದ ವಿವಿ (1853-1930). 'ವೆಲೋಸಿಯೋ' ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದನು. 1887ರಿಂದ ಸೈಕಲ್ಲಿಗಾಗಿಯೇ ಒಂದು ಪತ್ರಿಕೆ ನಡೆಸಿದನು. ಸೇಂತ್ ಎತಿಯನ್ ಬೆಟ್ಟಗಳ ನಡುವಣ ಕೈಗಾರಿಕಾ ನಗರ. ಒಂದೇ ಗೇರಿನ ಸೈಕಲ್ಲಿನಲ್ಲಿ ಏರು ಹತ್ತುವುದು ಪ್ರಯಾಸ. ಆದ್ದರಿಂದ ಹಲವು ಗೇರುಗಳ ಸೈಕಲ್ಲನ್ನು ಪ್ರಚಾರ ಮಾಡುವುದೇ ಅವನ ಬದುಕಿನ ವ್ರತವಾಯಿತು. ಗೇರು ಬಳಸುವುದು ಹೇಡಿತನವೆಂದು ಓಟಗಾರರು ಹಂಗಿಸಿದರು. ತೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಡಿರೇಲರ್ ಗೇರುಗಳಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ, ಅಂದರೆ ವೆಲೋಸಿಯೋ ತೀರಿಕೊಂಡು ಏಳು ವರ್ಷಗಳಾದ ಮೇಲೆ. ಹಸಿವಾಗುವ ಮುನ್ನ ತಿನ್ನಬೇಕು, ಬಾಯಾರುವ ಮುನ್ನ ಕುಡಿಯಬೇಕು, ಬರಿಯ ಜಂಭಕ್ಕಾಗಿ ತುಳಿಯಬಾರದು ಎಂಬುದು ಅವನು ಸವಾರರಿಗೆ ಹೇಳಿಕೊಟ್ಟ ಪಾಠಗಳ ಸಾರ. ಜಂಭದ ಮಾತು ಸೈಕಲ್ಲಿಗಷ್ಟೇ ಅನ್ವಯಿಸುವುದಲ್ಲವೆಂದು ನಾನು ಬೇರೆ ಹೇಳಬೇಕಾಗಿಲ್ಲ.

1890ರಲ್ಲಿ ಸೈಕಲ್ ಸವಾರರೇ ಸೇರಿ 'ತೂರಿಂಗ್ ಕ್ಲಬ್ ದ ಫ್ರಾನ್ಸ್' ಎಂಬ ಸಂಸ್ಥೆ ಕಟ್ಟಿದರು. ಊರಿನ ಹೆಸರು, ದೂರ, ಅಪಾಯದ ಇಳಿಜಾರುಗಳನ್ನು ತಿಳಿಸುವ ಫಲಕಗಳನ್ನು ದಾರಿಯುದ್ದಕ್ಕೂ ನೆಡಿಸಿದರು. ಆದರೂ ಆ ಕಾಲದಲ್ಲಿ ಪ್ರವಾಸಕ್ಕೆಂದು ಸೈಕಲ್ ಏರಿದವರು ಬಹುಮಟ್ಟಿಗೆ ಬಿಡುವಿದ್ದವರು, ಉಳ್ಳವರು. ಕಾರ್ಮಿಕನಿಗೆ ಸೈಕಲ್ಲು ಗಿರಣಿಗೆ ಹೋಗುವ ಸಾಧನವಾಗಿತ್ತು.

ಈ ಚಿತ್ರ ಬದಲಾದದ್ದು 1936ರ ಬೇಸಿಗೆಯಲ್ಲಿ. ಲಿಯೋಂ ಬ್ಲುಮ್ ನೇತೃತ್ವದ ಸರಕಾರ ಆ ವರ್ಷದ ಜೂನ್ ತಿಂಗಳಿನಲ್ಲಿ ಕಾನೂನು ಮಾಡಿ, ಪ್ರತಿಯೊಬ್ಬ ಕಾರ್ಮಿಕನಿಗೂ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆ ಕೊಡಿಸಿತು. ಹುಟ್ಟಿದಾರಭ್ಯ ಸಮುದ್ರ ನೋಡದವರು, ಪಕ್ಕದ ಜಿಲ್ಲೆಯನ್ನೂ ಕಾಣದವರು ಅಂದು ಸೈಕಲ್ಲಿಗೆ ಗಂಟು ಕಟ್ಟಿಕೊಂಡು ಹೊರಟರು. ಇಬ್ಬರು ಒಟ್ಟಿಗೆ ತುಳಿಯುವ ಟ್ಯಾಂಡಮ್ ಸೈಕಲ್ಲಿನ ಮೇಲೆ ಹೊರಟ ದಂಪತಿಗಳ ಛಾಯಾಚಿತ್ರಗಳು ಆ ಬೇಸಿಗೆಯ ಗುರುತಾಗಿ ಉಳಿದಿವೆ. ವಿರಾಮವೂ ಒಂದು ಹಕ್ಕೆಂಬ ಮಾತು ಸೈಕಲ್ಲಿನ ಮೇಲೆ ಕುಳಿತು ಹಳ್ಳಿಹಳ್ಳಿಗೆ ಹೋಯಿತು.

ಫ್ರಾನ್ಸಿನ ಶಾಂತಿಯ ಬೆಲೆ

ಈಗ ರಸ್ತೆಯ ವಿಚಾರ. ಫ್ರಾನ್ಸಿನಲ್ಲಿ ಒಟ್ಟು ಹತ್ತು ಲಕ್ಷ ಕಿಲೋಮೀಟರಿಗೂ ಹೆಚ್ಚು ರಸ್ತೆಯಿದೆ; ಅದರಲ್ಲಿ ಬಹುಪಾಲು ಊರಿಂದೂರಿಗೆ ಹೋಗುವ ಸಣ್ಣ ದಾರಿಗಳು. ಸೈಕಲ್ ಸವಾರರು ಹೊಗಳುವುದು ಇವನ್ನೇ. ಈ ಜಾಲಕ್ಕೆ ಬುನಾದಿ 1836ರ ಒಂದು ಕಾನೂನು. ಪ್ರತಿಯೊಂದು ಗ್ರಾಮವೂ ತನ್ನ ದಾರಿಗಳನ್ನು ತಾನೇ ನೋಡಿಕೊಳ್ಳಬೇಕೆಂದೂ, ಬೇಕಾದರೆ ಊರವರು ವರ್ಷಕ್ಕೆ ಮೂರು ದಿನಗಳವರೆಗೆ ದುಡಿಮೆಯನ್ನೋ ಅದಕ್ಕೆ ಬದಲಾಗಿ ಹಣವನ್ನೋ ಕೊಡಬೇಕೆಂದೂ ಅದು ವಿಧಿಸಿತು. ಇಂದಿನ ಪ್ರವಾಸಿ ಹಾಯಾಗಿ ಸಾಗುವ ದಾರಿ ಅಂದಿನ ರೈತರು ಕಲ್ಲು ಹೊತ್ತು, ಒಡೆದು, ಹಾಸಿ ಮಾಡಿದ್ದು.

ದಾರಿ ಬಂತು, ಆಮೇಲೆ ರೈಲು ಬಂತು. ಬಂದ ದಾರಿಯಲ್ಲಿಯೇ ಹಳ್ಳಿಯ ಮಕ್ಕಳು ಪಟ್ಟಣಕ್ಕೆ ಹೊರಟುಹೋದರು. ಬಳಿಕ 1914ರಿಂದ 1918ರವರೆಗಿನ ಮಹಾಯುದ್ಧ. ಫ್ರಾನ್ಸ್ ಕಳೆದುಕೊಂಡ ಸೈನಿಕರು ಸುಮಾರು ಹದಿನಾಲ್ಕು ಲಕ್ಷ. ಅವರಲ್ಲಿ ಬಹಳ ಮಂದಿ ಹಳ್ಳಿಯ ರೈತರ ಮಕ್ಕಳು. 1931ರ ಜನಗಣತಿಯಲ್ಲಿ ಆ ದೇಶದಲ್ಲಿ ಮೊತ್ತಮೊದಲ ಬಾರಿಗೆ ಪಟ್ಟಣವಾಸಿಗಳ ಸಂಖ್ಯೆ ಹಳ್ಳಿಗರನ್ನು ಮೀರಿತು. ಎರಡನೆಯ ಮಹಾಯುದ್ಧದ ತರುವಾಯ ಟ್ರ್ಯಾಕ್ಟರುಗಳು ಬಂದು ಹೊಲದ ಆಳುಗಳಿಗೆ ಕೆಲಸವಿಲ್ಲವಾಯಿತು. ಹೆದ್ದಾರಿಗಳು ಬಂದು ದೂರದ ವಾಹನಗಳನ್ನು ತಮ್ಮತ್ತ ಸೆಳೆದುಕೊಂಡವು. ಸಣ್ಣ ದಾರಿಗಳು ಹಾಗೆಯೇ ಉಳಿದವು, ಡಾಂಬರು ಸಮೇತ, ಆದರೆ ಓಡಾಡುವವರಿಲ್ಲದೆ. ಪ್ರವಾಸಿಗೆ ರಮ್ಯವಾಗಿ ತೋರುವ ಮುಚ್ಚಿದ ಕಿಟಕಿಗಳ ಹಿಂದೆ ಹೊರಟುಹೋದ ಒಂದೊಂದು ಸಂಸಾರವಿದೆ.

ಆದರೆ ಫ್ರಾನ್ಸಿನ ಹಳ್ಳಿಗಳಲ್ಲಿ ನಾವು ಗಮನಿಸಬೇಕಾದ ಒಂದು ಪದ್ಧತಿಯುಂಟು. ಸುಮಾರು ಮೂವತ್ತೈದು ಸಾವಿರ ಗ್ರಾಮ, ಪಟ್ಟಣಗಳ ಪೈಕಿ ಬಹುತೇಕ ಎಲ್ಲ ಕಡೆಯೂ ಚರ್ಚಿನ ಬಳಿಯೋ ಪಂಚಾಯಿತಿ ಕಚೇರಿಯ ಮುಂದೆಯೋ ಒಂದು ಕಲ್ಲಿನ ಸ್ಮಾರಕವಿದೆ. ಮಹಾಯುದ್ಧದಲ್ಲಿ ಮಡಿದ ಆ ಊರಿನ ಒಬ್ಬೊಬ್ಬನ ಹೆಸರನ್ನೂ ಅದರ ಮೇಲೆ ಕೊರೆದಿದ್ದಾರೆ. ಒಂದೇ ಅಡ್ಡಹೆಸರು ಎರಡು ಮೂರು ಸಲ ಬಂದಿದ್ದರೆ, ಒಂದೇ ಮನೆಯ ಅಣ್ಣತಮ್ಮಂದಿರಿರಬೇಕೆಂದು ಊಹಿಸಬಹುದು. ನೀರು ಕುಡಿಯಲು ಸೈಕಲ್ ನಿಲ್ಲಿಸಿದ ಪರದೇಶಿಗೂ ಊರು ಏಕೆ ಇಷ್ಟು ಮೌನವಾಗಿದೆಯೆಂಬುದನ್ನು ಆ ಕಲ್ಲು ಒಂದಿಷ್ಟಾದರೂ ಹೇಳುತ್ತದೆ.

ಈ ಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ನಮ್ಮ ನಾಡಿಗೆ ಬರೋಣ.

ಸೈಕಲ್ಲು ನಮ್ಮ ಕಡೆಗೆ ಬಂದ ಬಗೆ

ಭಾರತಕ್ಕೆ ಸೈಕಲ್ಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಅಧಿಕಾರಿಗಳೊಡನೆ ಬಂದಿತು. ದೂರ ಪ್ರಯಾಣದ ಹುಮ್ಮಸ್ಸು ನಮ್ಮವರಿಗೂ ಕಡಿಮೆಯಿರಲಿಲ್ಲ. 1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಮಂದಿ ಪಾರಸಿ ತರುಣರು ಸೈಕಲ್ಲಿನ ಮೇಲೆ ಪ್ರಪಂಚ ಪರ್ಯಟನಕ್ಕೆ ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭುಂಗಾರಾ ಎಂಬ ಮೂವರು ಯೂರೋಪು, ಅಮೆರಿಕ, ಜಪಾನ್, ಚೀನಗಳನ್ನು ಸುತ್ತಿ 1928ರ ಮಾರ್ಚಿಯಲ್ಲಿ ಮುಂಬಯಿಗೆ ಮರಳಿದರು. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಆಸೆಯಿಂದ 1862ರಲ್ಲಿ ಈ ಜಿಲ್ಲೆಯನ್ನು ಮದರಾಸಿನಿಂದ ಮುಂಬಯಿಗೆ ವರ್ಗಾಯಿಸಿದ್ದರು. ಘಟ್ಟದ ರಸ್ತೆಗಳ ಬಗ್ಗೆ ಸರಕಾರಕ್ಕೆ ಆಸ್ಥೆ ಹುಟ್ಟಿದ್ದು ಆ ಹತ್ತಿಯ ದೆಸೆಯಿಂದ.

ಸ್ವಾತಂತ್ರ್ಯದ ನಂತರ ಸೋನಿಪತ್ತಿನ ಅಟ್ಲಾಸ್ (1951), ಲೂಧಿಯಾನದ ಹೀರೋ (1956) ಮೊದಲಾದ ಕಾರ್ಖಾನೆಗಳು ಬಂದ ಮೇಲೆ ಸೈಕಲ್ಲು ಸಾಮಾನ್ಯರ ಕೈಗೆಟುಕಿತು. ಅಂಚೆಯವನಿಗೆ, ಹಾಲಿನವನಿಗೆ, ಮೇಷ್ಟರಿಗೆ, ದಿನಪತ್ರಿಕೆ ಹಾಕುವ ಹುಡುಗನಿಗೆ ಅದೇ ಕಾಲು, ಅದೇ ಕಸುಬು. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ದಾಂಡೇಲಿಯನ್ನು ಕಾರ್ಖಾನೆಯ ಊರನ್ನಾಗಿ ಮಾಡಿತು. ಪಾಳಿ ಬದಲಾಗುವ ಹೊತ್ತಿಗೆ ಸೈಕಲ್ಲುಗಳು ಸಾಲುಗಟ್ಟಿ ಹೊರಡುತ್ತಿದ್ದುದನ್ನು ನಮ್ಮ ತಲೆಮಾರಿನವರು ಕಂಡಿದ್ದೇವೆ. ಬಾಡಿಗೆ ಸೈಕಲ್ಲನ್ನು ಗಂಟೆಯ ಲೆಕ್ಕದಲ್ಲಿ ತಂದು, ಸೀಟು ಎಟುಕದೆ ಒಳಪೆಡಲು ತುಳಿದು ಮೊಣಕಾಲು ಕೆತ್ತಿಕೊಂಡವರು ನಾವು. ಸುತ್ತಾಡುವ ಸುಖಕ್ಕಾಗಿ ನೂರು ಕಿಲೋಮೀಟರ್ ತುಳಿಯಬಹುದೆಂಬ ಯೋಚನೆಯೇ ಅಂದು ನಮಗಿರಲಿಲ್ಲ.

ಜೋಯಿಡಾದ ಒಳಹಳ್ಳಿಗಳಿಗಂತೂ ಸೈಕಲ್ಲು ಬಂದದ್ದು ತಡವಾಗಿ, ಬಂದದ್ದೂ ವಿರಳವಾಗಿ. ಏರಿಳಿತದ ಕಾಲುದಾರಿ, ಸಂಕವಿಲ್ಲದ ಹಳ್ಳ, ಮಳೆಗಾಲದ ನಾಲ್ಕು ತಿಂಗಳು ಜಾರುವ ಕೆಸರು. ಅಲ್ಲಿಯ ಕುಣಬಿ, ಗೌಳಿ ಸಮುದಾಯಗಳ ಮಕ್ಕಳು ನಡೆದೇ ಶಾಲೆಗೆ ಬರುತ್ತಿದ್ದರು. 2006-07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ ಬಯಲುಸೀಮೆಯ ಹೆಣ್ಣುಮಕ್ಕಳಿಗೆ ಅದರಿಂದ ಬಹಳ ಉಪಕಾರವಾಯಿತು. ಕೊರೋನಾದ ವರ್ಷಗಳಲ್ಲಿ ಆ ವಿತರಣೆ ನಿಂತಿತು. ಒಂದೇ ಗೇರಿನ ಆ ಸೈಕಲ್ಲುಗಳನ್ನು ಘಟ್ಟದ ಮಕ್ಕಳು ಏರಿನಲ್ಲಿ ತಳ್ಳಿಕೊಂಡೇ ಹೋಗಬೇಕಾಗಿತ್ತು. ವೆಲೋಸಿಯೋ ಇದ್ದಿದ್ದರೆ ಅವರ ಪರವಾಗಿ ಒಂದು ಲೇಖನ ಬರೆಯುತ್ತಿದ್ದನೋ ಏನೋ.

ದಾಂಡೇಲಿಯಿಂದ ಕಡಲಿನವರೆಗೆ

ಇಂದಿನ ಸವಾರರ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಹಾದುಬರೋಣ. ದಾಂಡೇಲಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಉದ್ದಕ್ಕೂ ಕಾಳಿ ನದಿಯ ಸಹವಾಸ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುವ ಈ ನದಿ, ಹುಟ್ಟಿನಿಂದ ಸಂಗಮದವರೆಗೆ ಒಂದೇ ಜಿಲ್ಲೆಯಲ್ಲಿ ಹರಿಯುತ್ತದೆ.

ಮೊದಲು ಸಿಗುವುದು ಗಣೇಶಗುಡಿ ಮತ್ತು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಮುಂದೆ ಜೋಯಿಡಾ, ತಾಲೂಕಿನ ಕೇಂದ್ರ. ಅಲ್ಲಿಂದ ಕುಂಬಾರವಾಡಾ, ಇಲ್ಲಿ ಒಂದು ಕವಲು ಚನ್ನಬಸವಣ್ಣನವರ ಸಮಾಧಿಯಿರುವ ಉಳವಿಗೆ ಹೋಗುತ್ತದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರನ್ನು ನೋಡಿದವರಿಗೆ, ಈ ಕಾಡಿನ ದಾರಿಗಳಲ್ಲಿ ನಿಧಾನ ಪಯಣವೆಂಬುದು ಹೊಸದಲ್ಲವೆಂದು ತಿಳಿಯುತ್ತದೆ. ಕುಂಬಾರವಾಡಾ ದಾಟಿದ ಮೇಲೆ ಅಣಶಿ. ಕೆಲವು ಮನೆಗಳು, ಸುತ್ತ ದಟ್ಟವಾದ ಕಾಡು. ಅಣಶಿಯಿಂದ ಘಟ್ಟ ಇಳಿಯುತ್ತದೆ; ತಿರುವಿನ ಮೇಲೆ ತಿರುವು, ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕಣಿವೆ. 27 ಮೀಟರಿನಿಂದ 925 ಮೀಟರಿನವರೆಗೆ ಎತ್ತರ ಬದಲಾಗುವ ಈ ಅಣಶಿ ಅಡವಿಯ ಬುಡದಲ್ಲಿ ಕದ್ರಾ ಜಲಾಶಯವಿದೆ. ಸಮೀಪದಲ್ಲಿಯೇ ಕೈಗಾ ಅಣುವಿದ್ಯುತ್ ಸ್ಥಾವರ. ಅಲ್ಲಿಂದ ನದಿಯ ಜೊತೆಗೇ ಸಾಗಿದರೆ ಕಾರವಾರ.

ಇಷ್ಟು ಉದ್ದದ ದಾರಿಯಲ್ಲಿ ಇಷ್ಟು ಕಡಿಮೆ ಊರುಗಳೇಕೆ? ಜೋಯಿಡಾ ವಿಸ್ತಾರದಲ್ಲಿ ದೊಡ್ಡ ತಾಲೂಕು; ಆದರೆ 2011ರ ಜನಗಣತಿಯಂತೆ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಮಳೆ, ಬೆಟ್ಟ, ಕಾಡು ಎಂಬ ಉತ್ತರ ಸುಲಭವಾಗಿ ಹೊಳೆಯುತ್ತದೆ. ಅದು ಅರ್ಧ ಉತ್ತರ ಮಾತ್ರ.

ಅಣಶಿಯ ಶಾಂತಿಯ ಬೆಲೆ

ಉಳಿದ ಅರ್ಧವನ್ನು ಕಾಲಕ್ರಮದಲ್ಲಿ ಹೇಳುತ್ತೇನೆ.

ಕುಣಬಿಗಳು ಹಿಂದೆ ಕುಮರಿ ಬೇಸಾಯ ಮಾಡುತ್ತಿದ್ದರು. ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು, ಆ ಬೂದಿಯಲ್ಲಿ ರಾಗಿ ಮುಂತಾದ ಧಾನ್ಯ ಬಿತ್ತಿ, ಒಂದೆರಡು ಬೆಳೆ ತೆಗೆದು, ಮತ್ತೆ ಕಾಡು ಬೆಳೆಯಲೆಂದು ಆ ನೆಲವನ್ನು ವರ್ಷಗಟ್ಟಲೆ ಬಿಟ್ಟುಬಿಡುವ ಪದ್ಧತಿ ಅದು. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಬ್ರಿಟಿಷ್ ಸರಕಾರ ಇದನ್ನು ನಿರ್ಬಂಧಿಸುತ್ತ ಬಂದಿತು. ಸಾಗುವಾನಿ ಮರ ಹಡಗಿಗೆ, ರೈಲಿಗೆ ಬೇಕಾಗಿತ್ತು. 1878ರ ಅರಣ್ಯ ಕಾಯಿದೆಯಿಂದ ಕಾಡು ಸರಕಾರದ ಸೊತ್ತಾಗಿ ಗಟ್ಟಿಯಾಯಿತು. ಕಾಡಿನಲ್ಲಿ ಸಂಚರಿಸುತ್ತ ಬದುಕುತ್ತಿದ್ದವರು ಇದ್ದಷ್ಟು ಗದ್ದೆಗೆ, ಹಿತ್ತಿಲಿಗೆ ಅಂಟಿಕೊಳ್ಳಬೇಕಾಯಿತು. ಅನೇಕರು ಬೇರೆಡೆಗೆ ಹೋದರು. ಕಾಡು ಮೌನವಾದ ಮೊದಲ ಸಲ ಇದು.

ಎರಡನೆಯದು ಸೂಪಾ. ಇಂದು ಜೋಯಿಡಾ ಎನ್ನುವ ತಾಲೂಕಿಗೆ ಹಿಂದೆ ಸೂಪಾ ತಾಲೂಕೆಂದೇ ಹೆಸರು. ನನ್ನ ಶಾಲಾದಿನಗಳ ಭೂಪಟದಲ್ಲಿ ಸೂಪಾ ಒಂದು ಪೇಟೆ. ಕಚೇರಿ, ಸಂತೆ, ದೇವಸ್ಥಾನ, ಮನೆಗಳೆಲ್ಲ ಇದ್ದ ಊರು. 1970ರ ದಶಕದಲ್ಲಿ ಕಾಳಿ ಜಲವಿದ್ಯುತ್ ಯೋಜನೆಯ ಕೆಲಸ ನಡೆದು, 1987ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಸುಮಾರು 147 ಟಿಎಂಸಿ ನೀರು ಹಿಡಿಯುವ ಜಲಾಶಯದಲ್ಲಿ ಸೂಪಾ ಪೇಟೆಯೂ ಸುತ್ತಣ ಹಳ್ಳಿಗಳೂ ಮುಳುಗಿದವು. ಅಲ್ಲಿದ್ದವರಲ್ಲಿ ಅನೇಕರನ್ನು ರಾಮನಗರದಲ್ಲಿ ನೆಲೆಗೊಳಿಸಿದರು. ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಕ್ರಮೇಣ ತಾಲೂಕಿನ ಹೆಸರೂ ಬದಲಾಯಿತು. ಒಂದು ಊರು ಮುಳುಗುವುದು ಒಂದು ನಷ್ಟ; ಅದರ ಹೆಸರು ಅಣೆಕಟ್ಟಿಗೆ ಮಾತ್ರ ಉಳಿಯುವುದು ಇನ್ನೊಂದು. ಇಂದಿನ ಮಕ್ಕಳಿಗೆ ಸೂಪಾ ಎಂದರೆ ಗೋಡೆ ಮತ್ತು ನೀರು.

ಕೆಳಗಿನ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳೂ, ಕೈಗಾ ಸ್ಥಾವರವೂ ಇದೇ ಕಣಿವೆಯಲ್ಲಿ ಬಂದವು. ಕೈಗಾ ಯೋಜನೆಯ ವಿರುದ್ಧ ನಡೆದ ಚಳವಳಿಯಲ್ಲಿ ಡಾ. ಶಿವರಾಮ ಕಾರಂತರು ಮುಂದಾಳುಗಳಾಗಿದ್ದು, 1989ರಲ್ಲಿ ನಮ್ಮ ಜಿಲ್ಲೆಯ ಲೋಕಸಭಾ ಕ್ಷೇತ್ರದಿಂದ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಚುನಾವಣೆಗೆ ನಿಂತು ಸೋತದ್ದು ನಿಮಗೆ ಪಾಠ ಹೇಳುವಾಗ ಪ್ರಸ್ತಾಪಿಸಿದ್ದೆ. ಕೈಗಾದ ಮೊದಲೆರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು.

ಮೂರನೆಯದು ವನ್ಯಜೀವಿ ರಕ್ಷಣೆ. ದಾಂಡೇಲಿ ಅಭಯಾರಣ್ಯ 1956ರದು. ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ ಘೋಷಿತವಾಯಿತು; ವಿಸ್ತಾರ ಸುಮಾರು 340 ಚದರ ಕಿಲೋಮೀಟರ್. ಅಣೆಕಟ್ಟು ಪೂರ್ಣಗೊಂಡದ್ದೂ ಉದ್ಯಾನ ಘೋಷಣೆಯಾದದ್ದೂ ಒಂದೇ ವರ್ಷವೆಂಬುದನ್ನು ಗಮನಿಸಿರಿ. 2007ರಲ್ಲಿ ಎರಡನ್ನೂ ಸೇರಿಸಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಿಟ್ಟರು. ಹುಲಿ ಪ್ರದೇಶದ ಒಳಗಿನ ಕುಟುಂಬಗಳು ಸ್ವ-ಇಚ್ಛೆಯಿಂದ ಹೊರಬಂದರೆ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರವೆಂದು 2008ರಲ್ಲಿ ನಿಗದಿಯಾಯಿತು. 2021ರಲ್ಲಿ ಅದನ್ನು ಹದಿನೈದು ಲಕ್ಷಕ್ಕೆ ಏರಿಸಿದರು. ಶಾಲೆ, ಆಸ್ಪತ್ರೆಗಳಿಗೆ ಹಂಬಲಿಸಿ ಹೋದವರುಂಟು. ದೇವರನ್ನೂ ಹಿರಿಯರ ಸಮಾಧಿಯನ್ನೂ ಬಿಟ್ಟು ಬರಲಾರೆವೆಂದು ಉಳಿದವರುಂಟು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ.

ನನ್ನನ್ನು ತಪ್ಪಾಗಿ ತಿಳಿಯಬೇಡಿ. ಈ ಲೇಖನವನ್ನು ಬರೆಯುತ್ತಿರುವ ದೀಪಕ್ಕೆ ಬರುವ ವಿದ್ಯುತ್ತಿನಲ್ಲಿ ಕಾಳಿಯ ಪಾಲೂ ಇದೆ. ಹುಲಿ, ಕರಿ ಚಿರತೆ, ಮಂಗಟ್ಟೆ ಹಕ್ಕಿಗಳು ಉಳಿದ ಕಾಡು ಜಗತ್ತಿನಲ್ಲಿ ಎಷ್ಟಿದೆ? ಆ ರಕ್ಷಣೆಯಿಲ್ಲದಿದ್ದರೆ ಈ ದಾರಿಯ ಇಕ್ಕೆಲಗಳಲ್ಲಿ ಇಂದು ಏನಿರುತ್ತಿತ್ತೆಂದು ಊಹಿಸಬಲ್ಲೆ. ಅಣೆಕಟ್ಟು ಬೇಡವಾಗಿತ್ತು, ಉದ್ಯಾನ ಬೇಡವಾಗಿತ್ತು ಎಂದು ವಾದಿಸಲು ನಾನು ಹೊರಟಿಲ್ಲ. ಲಾಭ ಇಡೀ ನಾಡಿಗೆ ಹಂಚಿಹೋಯಿತು, ಬೆಲೆಯನ್ನು ಕೆಲವೇ ಹಳ್ಳಿಗಳು ತೆತ್ತವು. ತೆತ್ತವರ ಹೆಸರನ್ನಾದರೂ ನಾವು ನೆನಪಿಡಬೇಡವೇ ಎಂಬುದಷ್ಟೇ ನನ್ನ ಪ್ರಶ್ನೆ.

ಫ್ರಾನ್ಸಿನ ಹಳ್ಳಿಯಲ್ಲಿ ಸವಾರನಿಗೆ ಕಲ್ಲು ಕಥೆ ಹೇಳುತ್ತದೆ. ನಮ್ಮಲ್ಲಿ ಕಥೆಯಿರುವುದು ಹಿರಿಯರ ಬಾಯಲ್ಲಿ. ಸೂಪಾ ಮುಳುಗುವಾಗ ಮೂವತ್ತು ವರ್ಷದವರಾಗಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಯಾವ ಕೇರಿಯ ಪಕ್ಕ ಯಾವ ಗದ್ದೆಯಿತ್ತು, ಸಂತೆ ಯಾವ ವಾರ ಕೂಡುತ್ತಿತ್ತು, ಯಾವ ಮರದಡಿ ಯಾವ ದೇವರು ಕುಳಿತಿದ್ದ ಎಂಬುದನ್ನು ಅವರು ಕಣ್ಣು ಮುಚ್ಚಿ ಹೇಳಬಲ್ಲರು. ಇನ್ನು ಹತ್ತು ಹದಿನೈದು ವರ್ಷ ಕಳೆದರೆ ಹೇಳುವವರಿರುವುದಿಲ್ಲ.

ಸವಾರರಿಗೆ ಕೆಲವು ಮಾತು

ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಇಂದು ನಡೆಯುವ 'ಬ್ರೆವೆ' ಎಂಬ ದೂರಸವಾರಿಯ ಪದ್ಧತಿ ಫ್ರಾನ್ಸಿನದೇ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಯಾರು ಮೊದಲು ಬಂದರೆಂಬುದು ಅಲ್ಲಿ ಲೆಕ್ಕಕ್ಕಿಲ್ಲ. 2019 ಮತ್ತು 2023ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯಲ್ಲಿ ಭಾರತದಿಂದ ನೂರಾರು ಮಂದಿ ಭಾಗವಹಿಸಿದರು. ನಮ್ಮವರ ಈ ಉತ್ಸಾಹ ಕಂಡು ಹಿಗ್ಗುತ್ತೇನೆ. ಹಳೆಯ ಮೇಷ್ಟರೆಂಬ ಸಲಿಗೆಯಿಂದ ಅಣಶಿಯ ದಾರಿಯ ಬಗ್ಗೆ ಕೆಲವು ಮಾತು ಹೇಳುತ್ತೇನೆ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಘಟ್ಟದ ಸವಾರಿ ಬೇಡ. 2021ರ ಜುಲೈ ಮಳೆಗೆ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿಹೋದದ್ದು ನೆನಪಿರಲಿ. ನವೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲ ಹಿತಕರ. ಬೆಳಕಿದ್ದಾಗ ಹೊರಟು ಬೆಳಕಿದ್ದಾಗಲೇ ಕಾಡು ದಾಟಿರಿ. ಸಂಜೆಯ ನಂತರ ಆ ರಸ್ತೆ ಪ್ರಾಣಿಗಳದು. ಮುಖ್ಯರಸ್ತೆ ಬಿಟ್ಟು ಕಾಡಿನೊಳಗೆ ಅನುಮತಿಯಿಲ್ಲದೆ ನುಗ್ಗಬೇಡಿ. ಪ್ಲಾಸ್ಟಿಕ್ಕನ್ನು ನಿಮ್ಮ ಚೀಲದಲ್ಲಿಯೇ ವಾಪಸು ತನ್ನಿರಿ. ಇಳಿಜಾರಿನಲ್ಲಿ ವೇಗಕ್ಕೆ ಮರುಳಾಗದೆ ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹಿಡಿಯಿರಿ.

ಇವೆಲ್ಲವನ್ನೂ ಯಾವ ಸವಾರನೂ ಹೇಳಿಯಾನು. ನಾನು ವಿಶೇಷವಾಗಿ ಕೇಳಿಕೊಳ್ಳುವುದು ಒಂದನ್ನೇ. ಚೀಲದಲ್ಲಿ ಪಂಪು, ಪಂಕ್ಚರ್ ಸಾಮಾನಿನ ಜೊತೆಗೆ ಒಂದು ನೋಟ್ ಪುಸ್ತಕವನ್ನೂ ಇಟ್ಟುಕೊಳ್ಳಿರಿ. ಗಣೇಶಗುಡಿಯಲ್ಲೋ, ರಾಮನಗರದಲ್ಲೋ, ಕುಂಬಾರವಾಡಾದಲ್ಲೋ ಚಹಾ ಕುಡಿಯಲು ನಿಂತಾಗ ಅಲ್ಲಿ ಕುಳಿತ ಹಿರಿಯರನ್ನು ಮಾತಾಡಿಸಿರಿ. ಕೊಂಕಣಿ ಬಂದರೆ ಕೊಂಕಣಿಯಲ್ಲಿ, ಇಲ್ಲವಾದರೆ ಕನ್ನಡದಲ್ಲಿ, ಗೌರವದಿಂದ. "ಅಜ್ಜಾ, ನಿಮ್ಮ ಮೂಲ ಊರು ಯಾವುದು? ಅದು ಎಲ್ಲಿತ್ತು?" ಎಂದು ಕೇಳಿರಿ. ಹೇಳಿದ ಊರಿನ, ಹಳ್ಳದ, ಗದ್ದೆಯ, ದೇವರ ಹೆಸರನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಿರಿ. ಅವರ ಒಪ್ಪಿಗೆಯಿದ್ದರೆ ಧ್ವನಿಯನ್ನೂ ಮುದ್ರಿಸಿಕೊಳ್ಳಿರಿ. ಕಾರಿನಲ್ಲಿ ಹೋಗುವವನು ಇದನ್ನು ಮಾಡಲಾರ, ಅವನು ನಿಲ್ಲುವುದೇ ಇಲ್ಲ. ಬೆವರು ಒರೆಸುತ್ತ ನೀರು ಕೇಳಿ ಬಂದ ಸೈಕಲ್ ಸವಾರನೊಡನೆ ಹಳ್ಳಿಯ ಜನ ಬೇಗ ಮಾತಿಗೆ ತೊಡಗುತ್ತಾರೆ.

ಹಾಗೆ ಬರೆದು ತಂದದ್ದನ್ನು ನನಗೂ ಒಂದು ಪ್ರತಿ ಕಳಿಸಿರಿ. ಮುಳುಗಿದ, ತೆರವಾದ ಊರುಗಳ ಹೆಸರುಗಳ ಪಟ್ಟಿಯೊಂದನ್ನು ನಾವು ನಾವೇ ಸೇರಿ ಮಾಡಿದರೆ, ಕಲ್ಲಿನ ಮೇಲಲ್ಲದಿದ್ದರೂ ಕಾಗದದ ಮೇಲಾದರೂ ಅವು ಉಳಿದಾವು. ಮುಂದಿನ ಬಾರಿ ಆ ದಾರಿಯಲ್ಲಿ ನಿಮ್ಮ ಮಕ್ಕಳು ಸೈಕಲ್ ತುಳಿಯುತ್ತ "ಇಲ್ಲಿ ಯಾರೂ ಇಲ್ಲವಲ್ಲ" ಎಂದಾಗ, ಯಾರಿದ್ದರು ಎಂಬುದನ್ನು ಹೇಳಲು ನಿಮ್ಮ ಬಳಿ ಒಂದು ಪುಟವಾದರೂ ಇರಲಿ.